ಅಣ್ಣ ಒಳಗೆ ಹೋದನೋ ಇಲ್ಲವೋ

ಉಪದೇಶಿ ಎಲೀಷಪ್ಪ ಮಂಗಳೂರಿನಿಂದ ಸಂಪಾಜೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಅವನು ಐನೂರಕ್ಕೂ ಹೆಚ್ಚು ಆದಿತ್ಯವಾರ ಉಪದೇಶ ಮಾಡಿದ್ದ. ಅದರಿಂದ ಊರಿಗೆ ಆದ ಲಾಭವೆಂದರೆ, ಪ್ರಾರ್ಥನೆಮನೆಯ ಹಿಂದಿನ ಬೆಂಚು ನಿದ್ದೆಗೆ ಬಹಳ ಒಳ್ಳೆಯದು ಎಂಬ ಮಾತು ಚೆಂಬು, ಪೆರಾಜೆಯವರೆಗೂ ಹಬ್ಬಿದ್ದು ಮಾತ್ರ. ಈ ಮಾತನ್ನು ಬೇರೆ ಯಾರೂ ಅವನ ಎದುರಿಗೆ ಆಡಿರಲಿಲ್ಲ. ಅವನೇ ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುವಾಗ ಆಗಾಗ ಆಡಿಕೊಳ್ಳುತ್ತಿದ್ದ.

ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಡಿಕೇರಿಯಲ್ಲಿ ಇಪ್ಪತ್ತನಾಲ್ಕು ಮಂದಿ ಶಾಸಕರು ಕೂತು ಭಾಷಣ ಮಾಡುತ್ತಿದ್ದರು. ಸಂಪಾಜೆಯಲ್ಲಿ ಎಲೀಷಪ್ಪ ಒಬ್ಬನೇ ನಿಂತು ಮಾಡುತ್ತಿದ್ದ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದು ಶಾಲೆಯ ಮೇಷ್ಟ್ರು ತಿಮ್ಮಪ್ಪಯ್ಯ ಹೇಳುತ್ತಿದ್ದರು.

ಪ್ರಾರ್ಥನೆಮನೆ ಎಂದರೆ ಒಂದು ಎಸ್ಟೇಟಿನವರು ಬಿಟ್ಟುಕೊಟ್ಟ ಹಳೆಯ ಕಾಫಿ ಉಗ್ರಾಣ. ಎಸ್ಟೇಟಿನ ಕೂಲಿಲೈನುಗಳಲ್ಲಿದ್ದ ನಾಲ್ಕು ಕ್ರೈಸ್ತ ಕುಟುಂಬಗಳು ಭಕ್ತಿಯಿಂದ ಬರುತ್ತಿದ್ದವು. ಉಳಿದವರು, ಅಂದರೆ ಸುತ್ತಲಿನ ಗೌಡರು ಮತ್ತು ತೋಟದ ಆಳುಗಳು, ಬಸ್ಸು ಎದುರಿಗೇ ನಿಲ್ಲುತ್ತದೆ, ಮೇಲಾಗಿ ಹಾರ್ಮೋನಿಯಂ ಇದೆ ಎಂದು ಬರುತ್ತಿದ್ದರು. ಉಪದೇಶ ಮುಗಿದ ಮೇಲೆ ಕೇಳುಗರಿಂದ ಪ್ರಶ್ನೆ ಕೇಳಬೇಕು, ಕೇಳಿದ್ದನ್ನು ಬರೆದು ಕಳಿಸಬೇಕು ಎಂದು ಮಂಗಳೂರಿನ ದೊಡ್ಡ ಪಾದ್ರಿಗಳ ಅಪ್ಪಣೆಯಿತ್ತು. ಹನ್ನೊಂದು ವರ್ಷದಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡು ಮಾತ್ರ ಮತ್ತೆ ಮತ್ತೆ ಬಂದಿದ್ದವು. ಸ್ವರ್ಗದಲ್ಲಿ ಜಿಗಣೆ ಇದೆಯೇ? ಹಾರ್ಮೋನಿಯಂ ಎಲ್ಲಿಂದ ತಂದದ್ದು? ಮೊದಲನೆಯದಕ್ಕೆ ಎಲೀಷಪ್ಪ ಇಲ್ಲವೆಂದು ಧೈರ್ಯವಾಗಿ ಹೇಳುತ್ತಿದ್ದ. ಎರಡನೆಯದನ್ನು ಮಾತ್ರ ಕೇಳಿಸದವನಂತೆ ದಾಟಿಸಿಬಿಡುತ್ತಿದ್ದ.

ಸುಗ್ಗಿಯ ಹಬ್ಬ ಹುತ್ತರಿಗೆ ಇನ್ನು ಮೂರು ವಾರವಿದೆ ಎನ್ನುವಾಗ ಅವನು ತಪ್ಪಿಹೋದ ಮಗನ ಕಥೆ ಎತ್ತಿಕೊಂಡ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯವನು ತನ್ನ ಪಾಲು ಕೇಳಿ ತೆಗೆದುಕೊಂಡು ದೂರದ ಊರಿಗೆ ಹೋಗಿ ಎಲ್ಲ ಹಾಳು ಮಾಡಿಕೊಳ್ಳುತ್ತಾನೆ, ಕೊನೆಗೆ ಹಂದಿ ಕಾಯುವ ಗತಿಗೆ ಬರುತ್ತಾನೆ. ಹಸಿವಿನಿಂದ ಬುದ್ಧಿ ಬಂದು ಮನೆಗೆ ಮರಳಿದಾಗ ತಂದೆ ಓಡಿಬಂದು ತಬ್ಬಿಕೊಂಡು, ಕೊಬ್ಬಿದ ಕರುವನ್ನು ಕಡಿಸಿ ಹಬ್ಬ ಮಾಡಿಸುತ್ತಾನೆ. ಹೊಲದಿಂದ ಬಂದ ಅಣ್ಣ ಒಳಗಿನ ಹಾಡು ಕುಣಿತ ಕೇಳಿ ಸಿಟ್ಟಾಗಿ ಬಾಗಿಲಲ್ಲೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ.

ಎಲೀಷಪ್ಪನಿಗೆ ತೊಡಕಾದದ್ದು ಕರು. ಎದುರಿಗೆ ಕೂತವರಲ್ಲಿ ಮುಕ್ಕಾಲು ಪಾಲು ಗೋವಿಗೆ ಕೈಮುಗಿಯುವವರು. ಹಬ್ಬಕ್ಕೆ ಕರು ಕಡಿದರು ಎಂದರೆ ಎದ್ದು ಹೋಗುತ್ತಾರೆ. ಕರುವಿನ ಜಾಗದಲ್ಲಿ ಒಂದು ಕೊಬ್ಬಿದ ಹಂದಿ ಕಡಿದರೆ ಯಾರಿಗೇನು ನಷ್ಟ? ಕೊಡಗಿನಲ್ಲಿ ಹಂದಿಯಿಲ್ಲದ ಹಬ್ಬವೂ ಒಂದು ಹಬ್ಬವೇ? ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಎಲೀಷಪ್ಪ ಕರುವನ್ನು ಬಿಟ್ಟು ಹಂದಿಯನ್ನು ಕಡಿದ. ಅದೇ ಕಥೆಯಲ್ಲಿ ಹತ್ತು ನಿಮಿಷದ ಹಿಂದೆ ಹುಡುಗ ಹಂದಿಗಳ ನಡುವೆ ಹಸಿದು ಕೂತಿದ್ದ ಎಂಬುದು ಆ ಜಾಣನಿಗೆ ಹೊಳೆಯಲೇ ಇಲ್ಲ.

ಲೈನಿನ ಚಲುವಮ್ಮನಿಗೆ ಹೊಳೆಯಿತು. ಹಾಸನದ ಕಡೆಯಿಂದ ಕಾಫಿ ಹಣ್ಣಿನ ಪಿಕಿಂಗಿಗೆ ಬಂದು ಇಲ್ಲೇ ನಿಂತವಳು, ಕ್ರೈಸ್ತ ಕುಟುಂಬದವಳು, ಆದರೂ ಬಿಡಲಿಲ್ಲ. "ಅಲ್ಲ ಅಯ್ಯಾ, ಅಷ್ಟೊಂದ್ ಹಂದಿ ಕಾಯ್ತಿದ್ದೋನು ಹಸ್ಕೊಂಡ್ ಯಾಕಿದ್ದ? ಒಂದ್ ಮರಿ ಸುಟ್ಕೊಂಡ್ ತಿನ್ಬಾರ್ದಿತ್ತಾ?"

ಹಿಂದಿನ ಬೆಂಚು ಎಚ್ಚರವಾಯಿತು. ಹಂದಿ ಕಾಯುವುದು ಕಷ್ಟವೇ ಹೊರತು ಅವಮಾನ ಹೇಗಾಗುತ್ತದೆ, ಅಷ್ಟು ಹಂದಿ ಇದ್ದ ಧಣಿ ಎಂಥ ಕುಳ ಇರಬೇಕು, ಕಾಡುಹಂದಿಯೋ ಸಾಕಿದ್ದೋ ಎಂದು ಒಂದು ಗಂಟೆ ಚರ್ಚೆ ನಡೆಯಿತು. ಪಶ್ಚಾತ್ತಾಪದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಎಲೀಷಪ್ಪ ಮನೆಗೆ ಹೋಗಿ ವರದಿಯಲ್ಲಿ "ಕೇಳುಗರು ಬಹಳ ಆಸಕ್ತಿ ತೋರಿದರು" ಎಂದು ಬರೆದ. ಅದೇನೂ ಸುಳ್ಳಲ್ಲ.

ಮುಂದಿನ ಆದಿತ್ಯವಾರ ಹಂದಿಯನ್ನು ಆದಷ್ಟು ಬೇಗ ದಾಟಿಸಿ ಅರ್ಥಕ್ಕೆ ಬರೋಣವೆಂದು ಅವನು ಅದೇ ಕಥೆಯನ್ನು ಮತ್ತೆ ಹೇಳಿದ. ಈ ಸಲ ಎದ್ದವನು ನಾಣಯ್ಯ. ಭೂಮಿಯ ಕಾಗದಪತ್ರಗಳ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಗೌಡ.

"ನಿಮ್ಮ ಪುಸ್ತಕಲಿ ಒಂದು ತಪ್ಪುಟ್ಟು ಉಪದೇಶಿಗಳೇ," ಎಂದ. "ಅಪ್ಪ ಬದ್ಕಿ ಇರುವಾಗ ಪಾಲು ಕೇಳಿಕೆ ಅವ ಯಾರ್? ಜಮ್ಮ ಭೂಮಿ ಪಾಲು ಮಾಡಿಕೆ ಉಟ್ಟಾ? ಮಾರಿಕೆ ಉಟ್ಟಾ? ಆ ಅಪ್ಪಂಗೆ ಕಾನೂನು ಗೊತ್ತಿಲ್ಲೆ."

ಜಮ್ಮ ಎಂದರೆ ಇಡೀ ಮನೆತನಕ್ಕೆ ಸೇರಿದ ಭೂಮಿ, ಒಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಆ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಸಂಗತಿ. ಹನ್ನೊಂದು ವರ್ಷ ಅಲ್ಲಿ ಬಾಳಿದ ಎಲೀಷಪ್ಪ ಮಾತ್ರ ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ಅದು ಬೇರೆ ದೇಶದ ಕಥೆ ಎಂದು ತೊದಲಿದ. ಬೇರೆ ದೇಶದ ತಪ್ಪನ್ನು ಇಲ್ಲಿಗೆ ತಂದು ಹೇಳುವುದು ಎಂತಕೆ ಎಂದು ನಾಣಯ್ಯ ಕೂತ. ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು ಎಂದುಕೊಂಡು ಎಲೀಷಪ್ಪ ಪುಸ್ತಕ ಮುಚ್ಚುವುದಕ್ಕೂ, ಬಾಗಿಲ ಮೆಟ್ಟಿಲಿನಿಂದ ಒಂದು ದನಿ ಬರುವುದಕ್ಕೂ ಸರಿಹೋಯಿತು.

"ಆ ಅಣ್ಣ ಒಳಗೆ ಹೋದನಾ ಇಲ್ಲೆನಾ?"

ಕೇಳಿದವನು ಸಾಂತಪ್ಪ. ಅವನು ಯಾವಾಗಲೂ ಮೆಟ್ಟಿಲ ಮೇಲೆಯೇ ಕೂರುವವನು, ಒಂದು ದಿನವೂ ಒಂದು ಪ್ರಶ್ನೆ ಕೇಳಿದವನಲ್ಲ. ಅವನು ಕೇಳಿದ್ದೇ ತಡ, ಉಗ್ರಾಣದಲ್ಲಿ ಕೆಮ್ಮು ಕೂಡ ನಿಂತಿತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಸಾಂತಪ್ಪನ ತಮ್ಮ ದೇರಪ್ಪ ಆರು ವರ್ಷದ ಹಿಂದೆ ಮನೆಬಿಟ್ಟು ಓಡಿದ್ದ. ಬರಿಗೈಯಲ್ಲಿ ಓಡಿದ್ದರೆ ಜನ ಮರೆಯುತ್ತಿದ್ದರು. ತಾತನ ಕಾಲದ ಕೋವಿಯನ್ನು ಹೊತ್ತುಕೊಂಡು ಹೋಗಿ ಮೈಸೂರಿನಲ್ಲಿ ಯಾರಿಗೋ ಮಾರಿ ತಿಂದಿದ್ದ. ಹುತ್ತರಿಯ ದಿನ ಗದ್ದೆಯಲ್ಲಿ ಹೊಸ ಕದಿರು ಕೊಯ್ಯುವಾಗ ಕೋವಿಯ ಗುಂಡು ಹಾರಬೇಕು. ಆರು ವರ್ಷದಿಂದ ಸಾಂತಪ್ಪ ಆ ಒಂದು ಗುಂಡಿಗಾಗಿ ನಾಣಯ್ಯನ ಮನೆಗೆ ಹೋಗಿ ಕೋವಿ ಎರವಲು ತರುತ್ತಿದ್ದ. ಕೋವಿಯಿಲ್ಲದ ಮನೆ ಎಂದು ನೆಂಟರು ನಗುತ್ತಿದ್ದರು. ಆ ದೇರಪ್ಪ ಈಗ ಹತ್ತು ದಿನದ ಹಿಂದೆ ಕೃಶನಾಗಿ ಮರಳಿ ಬಂದು ಅಣ್ಣನ ಸೌದೆ ಕೊಟ್ಟಿಗೆಯಲ್ಲಿ ಬಿದ್ದಿದ್ದ. ಹುತ್ತರಿಗೆ ಮನೆಯವರೆಲ್ಲ ಒಟ್ಟಿಗೆ ಒಳಗೆ ಕೂತು ಹೊಸ ಅಕ್ಕಿ ಉಣ್ಣಬೇಕು. ಅಷ್ಟರೊಳಗೆ ತಮ್ಮನನ್ನು ಒಳಗೆ ಕರೆಯುವುದೋ, ರಾಜ್ಯದ ಗಡಿಯ ಸಂಪಾಜೆ ಗೇಟಿನಾಚೆ ಕಳಿಸುವುದೋ ಎಂದು ಸಾಂತಪ್ಪ ತೀರ್ಮಾನಿಸಬೇಕಿತ್ತು.

ಎಲೀಷಪ್ಪನಿಗೆ ಉತ್ತರ ಗೊತ್ತಿತ್ತು. ಉತ್ತರ ಏನೆಂದರೆ, ಉತ್ತರ ಇಲ್ಲ. ತಂದೆ ಅಣ್ಣನಿಗೆ ಸಮಾಧಾನ ಹೇಳುವಲ್ಲಿಗೆ, ಮೂವತ್ತೆರಡನೆಯ ವಚನಕ್ಕೆ ಕಥೆ ನಿಂತುಬಿಡುತ್ತದೆ. ಅಣ್ಣ ಏನು ಮಾಡಿದ ಎಂದು ಬರೆದಿಲ್ಲ. ಆದರೆ ಐನೂರು ಆದಿತ್ಯವಾರಗಳಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಅವನ ಬಾಯನ್ನೇ ನೋಡುತ್ತಿದ್ದ. ಹಂದಿ ಕಡಿದ ಕೈಗೆ ಇದೇನು ದೊಡ್ಡದು?

"ಹೋದ," ಎಂದ ಎಲೀಷಪ್ಪ. "ಒಳಗೆ ಹೋದ. ತಮ್ಮನನ್ನು ತಬ್ಬಿಕೊಂಡ."

ಸಾಂತಪ್ಪ ಎದ್ದು ಹೋದ.

ಮಂಗಳವಾರ ಸುದ್ದಿ ಬಂತು. ದೇರಪ್ಪ ಕೊಟ್ಟಿಗೆಯಿಂದ ಜಗಲಿಗೆ ಬಂದಿದ್ದಾನೆ, ಅಣ್ಣನೇ ಚಾಪೆ ಹಾಕಿಕೊಟ್ಟನಂತೆ. ಎಲೀಷಪ್ಪ ಹಿಗ್ಗಿ ಹೀರೇಕಾಯಾದ. ಕನ್ನಡಿಯ ಮುಂದೆ ನಿಂತು ಈ ಸಲ ತನ್ನನ್ನು ಹೊಗಳಿಕೊಂಡ. ದೊಡ್ಡ ಪಾದ್ರಿಗಳಿಗೆ ನಾಲ್ಕು ಪುಟದ ಕಾಗದ ಬರೆದು, ಸಂಪಾಜೆಯಲ್ಲಿ ವಾಕ್ಯದ ಬೀಜ ಕೊನೆಗೂ ಫಲ ಕೊಟ್ಟಿತೆಂದೂ, ತಾನು ಬರೀ ನಿಮಿತ್ತವೆಂದೂ ತಿಳಿಸಿದ. ನಿಮಿತ್ತ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದ. ಫಲ ಕೊಟ್ಟ ಆ ಒಂದೇ ಒಂದು ವಾಕ್ಯ ಪುಸ್ತಕದಲ್ಲಿ ಇಲ್ಲದ್ದು ಎಂಬುದನ್ನು ಬರೆಯಲು ಜಾಗ ಸಾಲಲಿಲ್ಲ.

ಮೂರನೆಯ ಆದಿತ್ಯವಾರ ಪ್ರಾರ್ಥನೆಮನೆ ತುಂಬಿತ್ತು. ತಿಮ್ಮಪ್ಪಯ್ಯ ಮೇಷ್ಟ್ರೂ ಬಂದಿದ್ದರು. ಅವರು ಬಂದರೆಂದರೆ ವಾದಕ್ಕೆ ಬಂದರೆಂದೇ ಲೆಕ್ಕ. ಅದಕ್ಕೆಂದೇ ಪುಸ್ತಕ ಮಾರುವವನ ಹತ್ತಿರ ಒಂದು ಬೈಬಲು ಕೊಂಡು, ಉಪದೇಶಿಗಿಂತ ಶ್ರದ್ಧೆಯಿಂದ ಓದಿಟ್ಟುಕೊಂಡಿದ್ದರು. ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತರು.

"ಅಲ್ಲ ಮಾರಾಯ್ರೆ, ಅಣ್ಣ ಒಳಗೆ ಹೋದ ಅಂತ ನೀವು ಹೇಳಿದ್ದು ಊರೆಲ್ಲ ಹಬ್ಬಿದೆ. ನಾನು ಮೂರು ಸಲ ಓದಿದೆ. ಅದು ಯಾವ ವಚನ?"

"ಮೂಲ ಗ್ರೀಕ್ ಭಾಷೆಯಲ್ಲಿ ನೋಡಿದರೆ..." ಎಂದು ಎಲೀಷಪ್ಪ ಶುರುಮಾಡಿದ.

"ನಿಮಗೆ ಗ್ರೀಕ್ ಬರುತ್ತದಾ?"

"ಬರುವುದಿಲ್ಲ."

ಯಾರೋ ಕಿಸಕ್ಕೆಂದರು. ಮೆಟ್ಟಿಲ ಮೇಲೆ ಕೂತ ಸಾಂತಪ್ಪ ನಗಲಿಲ್ಲ. ಅವನ ಮುಖ ನೋಡಿದ ಮೇಲೆ ಎಲೀಷಪ್ಪನಿಗೆ ಗ್ರೀಕ್ ಇರಲಿ, ಕನ್ನಡವೂ ಮರೆತುಹೋಯಿತು. "ಬರೆದಿಲ್ಲ," ಎಂದ. "ನಾನೇ ಸೇರಿಸಿದ್ದು. ಹಂದಿಯೂ ನನ್ನದೇ. ಪುಸ್ತಕದಲ್ಲಿ ಕರು."

"ನಾ ಅವತ್ತೇ ಅಂದ್ಕಂಡೆ, ಹಂದಿ ಲೆಕ್ಕ ಸರಿ ಇಲ್ಲ ಅಂತ," ಎಂದಳು ಚಲುವಮ್ಮ.

ಸಾಂತಪ್ಪ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆ ದಿನದ ವರದಿಯ ಹಾಳೆಯಲ್ಲಿ ಎಲೀಷಪ್ಪ ತಾರೀಖು ಮಾತ್ರ ಬರೆದ.

ಹುತ್ತರಿ ಬರುವ ಶನಿವಾರ ಎಂದು ನಿಶ್ಚಯವಾಗಿತ್ತು. ಸೋಮವಾರ, ಮಂಗಳವಾರ ಅವನಿಗೆ ಊಟ ಸೇರಲಿಲ್ಲ. ತನ್ನ ಒಣ ಪ್ರತಿಷ್ಠೆಗಾಗಿ ಒಬ್ಬನ ಮನೆಯ ಬಾಗಿಲ ಜೊತೆ ಆಟವಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಬುಧವಾರ ಬೆಳಿಗ್ಗೆ, ಬೈಸಿಕೊಂಡೇ ಬರೋಣವೆಂದು ಸಾಂತಪ್ಪನ ಮನೆಗೆ ಹೋದ.

ದೇರಪ್ಪ ಇನ್ನೂ ಜಗಲಿಯಲ್ಲೇ ಇದ್ದ. ತಲೆ ಎತ್ತದೆ ಹಗ್ಗ ಹೊಸೆಯುತ್ತಿದ್ದ. ಸಾಂತಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ಎಲೀಷಪ್ಪ ಯಾವತ್ತಿನಂತೆ ಜಗಲಿಯ ತುದಿಯಲ್ಲಿ ಕೂತ. ಹನ್ನೊಂದು ವರ್ಷದಲ್ಲಿ ಆ ಊರಿನ ಯಾವ ಗೌಡರ ಮನೆಯಲ್ಲೂ ಅವನು ಜಗಲಿ ದಾಟಿದವನಲ್ಲ. ಯಾರೂ ಕರೆದಿರಲಿಲ್ಲ. ಅದರಿಂದ ತನಗೇನೂ ಬೇಜಾರಿಲ್ಲ ಎಂದು ತೋರಿಸಿಕೊಳ್ಳುವುದರಲ್ಲಿ ಅವನು ಪಳಗಿದ್ದ.

"ತಪ್ಪಾಯಿತು ಸಾಂತಪ್ಪ," ಎಂದ. "ನನ್ನ ಸುಳ್ಳು ನಂಬಿ ನೀನು..."

"ನಿಮ್ಮ ಮಾತು ನಂಬಿ ಅಲ್ಲ," ಎಂದ ಸಾಂತಪ್ಪ, ಕಲ್ಲಿಗೆ ನೀರು ಹಾಕುತ್ತ. "ನೀವು ಹೇಳುವ ಮೊದಲೇ ಬೊಳ್ಳಮ್ಮ ಅವಂಗೆ ದಿನಾ ಅನ್ನ ಹಾಕ್ತಿತ್ತ್. ನಂಗೆ ಗೊತ್ತಿಲ್ಲೆ ಹೇಳಿ ನೆನ್ಸಿತ್ತ್, ಪಾಪ. ಕೊಟ್ಟಿಗೆಲಿ ಚಳಿ. ಚಾಪೆ ಹಾಕಿಕೆ ನಂಗೊಂದು ನೆಪ ಬೇಕಿತ್ತ್, ಅಷ್ಟೆ."

ಒಳಗೆ ಅವನ ಹೆಂಡತಿ ಬೊಳ್ಳಮ್ಮನ ಬಳೆಯ ಸದ್ದು ತಟ್ಟನೆ ನಿಂತಿತು. ಎಲೀಷಪ್ಪನಿಗೆ ನಾಲ್ಕು ಪುಟದ ಕಾಗದ ನೆನಪಾಯಿತು. ತಾನು ನಿಮಿತ್ತವೂ ಅಲ್ಲ, ಬರೀ ನೆಪ.

"ಆದರೆ ನೀವು ಹಂಗೆ ಹೇಳ್ದ್ ಎಂತಕೆ?" ಎಂದು ಸಾಂತಪ್ಪ ಕತ್ತಿ ಕೆಳಗಿಟ್ಟು ಕೇಳಿದ. "ಗೊತ್ತಿಲ್ಲೆ ಹೇಳಿರೆ ಆಗ್ತಿತ್ತಲ್ಲ."

ಹನ್ನೊಂದು ವರ್ಷ ಉಪದೇಶ ಮಾಡಿದ ಬಾಯಿಗೆ ಆಗ ಉಪದೇಶವೊಂದೂ ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ. ಮಂಗಳೂರಿನಲ್ಲಿ ಅವನಿಗೂ ಒಬ್ಬ ತಮ್ಮನಿದ್ದ, ಬಾರ್ನಬ. ನಾಟಕ ಕಂಪನಿಯವರ ಹಿಂದೆ ಹಾರ್ಮೋನಿಯಂ ಬಾರಿಸುತ್ತ ಊರೂರು ತಿರುಗಿದವನು. ಅಮ್ಮ ಸತ್ತಾಗ ಬಂದಿರಲಿಲ್ಲ, ಮಣ್ಣಾಗಿ ಮೂರು ದಿನದ ಮೇಲೆ ಬಂದ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಎಲೀಷಪ್ಪ ಅವತ್ತೇ ಮನೆಬಿಟ್ಟು ಸಂಪಾಜೆಯ ಕೆಲಸಕ್ಕೆ ಹೊರಟುಬಂದ. ಬಾರ್ನಬ ನಾಟಕ ಬಿಟ್ಟು, ಹಂಚಿನ ಕಾರ್ಖಾನೆಗೆ ಸೇರಿ, ಅದೇ ಮನೆಯಲ್ಲಿ ಸಂಸಾರ ಹೂಡಿ, ಮಗುವಿನ ನಾಮಕರಣಕ್ಕೆ ಬಾ ಎಂದು ಮೂರು ಕಾಗದ ಬರೆದ. ಎಲೀಷಪ್ಪ ಉತ್ತರ ಕೊಡಲಿಲ್ಲ.

"ನಾನು ಒಳಗೆ ಹೋಗಲಿಲ್ಲ ಸಾಂತಪ್ಪ. ಹೋಗಬೇಕಿತ್ತು ಅಂತ ಹೊಟ್ಟೆಯಲ್ಲಿ ಇತ್ತೋ ಏನೋ. ನೀನು ಕೇಳಿದಾಗ ಬಾಯಿಗೆ ಬಂತು." ಹೇಳುವುದೇ ಹೌದಾದರೆ ಎಲ್ಲವನ್ನೂ ಹೇಳೋಣವೆಂದು ಸೇರಿಸಿದ: "ಆ ಹಾರ್ಮೋನಿಯಂ ಅವನದು. ದೇವರ ಸೇವೆಗೆ ಬೇಕು ಅಂತ ನೆಪ ಮಾಡಿ ಸಿಟ್ಟಿನಲ್ಲಿ ಹೊತ್ತುಕೊಂಡು ಬಂದೆ."

ಹಗ್ಗ ಹೊಸೆಯುತ್ತಿದ್ದ ದೇರಪ್ಪನ ಕೈ ನಿಂತಿತು. ಅವನು ಮೊದಲ ಬಾರಿಗೆ ತಲೆ ಎತ್ತಿ ಉಪದೇಶಿಯನ್ನು ನೋಡಿದ, ತನ್ನ ಜಾತಿಯವನನ್ನು ಸಂತೆಯಲ್ಲಿ ಕಂಡವನಂತೆ.

"ಅಂದರೆ ನಿಮ್ಮ ಮನೆ ಕಥೆಲಿ ಕೋವಿ ಹೊತ್ತವ ನೀವೇ," ಎಂದ ಸಾಂತಪ್ಪ.

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ತನಗಾಗಿಯೇ ಕಟ್ಟಿದರೋ ಏನೋ ಎಂದು ಎಲೀಷಪ್ಪನಿಗೆ ಅನ್ನಿಸಿತು. ಆರು ವರ್ಷದಿಂದ ಊರವರ ಜೊತೆ ಸೇರಿ ಅವನೂ ದೇರಪ್ಪನ ಹೆಸರೆತ್ತಿ ಛೀ ಥೂ ಎಂದವನು. ಕದ್ದ ಹಾರ್ಮೋನಿಯಂ ಬಾರಿಸುತ್ತಲೇ ಅಂದಿದ್ದ.

ಸಾಂತಪ್ಪ ಕತ್ತಿಯನ್ನು ಮತ್ತೆ ಎತ್ತಿ ಅಂಚು ಸವರಿ ನೋಡಿದ. "ನಾನೂ ಜಗಲಿವರೆಗೆ ಬಂದೆ, ಮುಂದೆ ಕಾಲು ಬಾದಿಲ್ಲೆ," ಎಂದ. "ಓದಿದವನ ಮಾತು ನಂಗೆ ಬೇಡ. ನೀವು ಹೋಗಿ. ಆ ಹಾರ್ಮೋನಿಯಂ ಕೊಟ್ಟು, ಒಳಗೆ ಹೋಗಿಕೆ ಆತಾ ಇಲ್ಲೆನಾ ಹೇಳಿ ಬಂದು ಹೇಳಿ. ಶನಿವಾರ ಸಂಜೆಗೆ ಮೊದಲು ಬಂದರೆ ಸಾಕು."

"ಆದಿತ್ಯವಾರಕ್ಕೆ ಉಪದೇಶ ತಯಾರಿ ಮಾಡಬೇಕಿತ್ತು..." ಎಂದ ಎಲೀಷಪ್ಪ.

ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಅವನನ್ನು ನೋಡಿದರು. ಆರು ವರ್ಷದಲ್ಲಿ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಎಲೀಷಪ್ಪ ಬಾಯಿ ಮುಚ್ಚಿದ.

ಗುರುವಾರದ ಬಸ್ಸಿನ ನೆತ್ತಿಯ ಮೇಲೆ ಹಾರ್ಮೋನಿಯಂ ಏರಿತು. ಸಂಪಾಜೆ ಗೇಟು ದಾಟಿದರೆ ಮದ್ರಾಸು ರಾಜ್ಯ. ಬೇರೆ ರಾಜ್ಯ, ಬೇರೆ ಕಾನೂನು, ತನ್ನ ತಪ್ಪು ಅಲ್ಲಿ ಲೆಕ್ಕಕ್ಕೆ ಬರಲಿಕ್ಕಿಲ್ಲ ಎಂದು ಸುಳ್ಯದವರೆಗೆ ಸಮಾಧಾನ ಮಾಡಿಕೊಂಡ. ಪುತ್ತೂರಿನಲ್ಲಿ ಇಳಿದು ವಾಪಸಾಗೋಣವೆಂದು ಎದ್ದೂ ಎದ್ದ. ಹಾರ್ಮೋನಿಯಂ ಇಳಿಸಲು ಕಂಡಕ್ಟರು ಒಪ್ಪಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಬಸ್ಸು ಸಂಪಾಜೆಗೆ ಮರಳಿದಾಗ ಎಲೀಷಪ್ಪನ ಕೈಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಅಡಿಕೆ ಹಾಳೆಯಲ್ಲಿ ಕಟ್ಟಿದ ಒಂದು ಪೊಟ್ಟಣವಿತ್ತು. ಅವನು ಉಗ್ರಾಣಕ್ಕೂ ಹೋಗದೆ ನೇರ ಸಾಂತಪ್ಪನ ಮನೆಯ ದಾರಿ ಹಿಡಿದ. ಹಿಂದೆ ಚಲುವಮ್ಮ ಬಂದಳು, ಅವಳ ಹಿಂದೆ ತಿಮ್ಮಪ್ಪಯ್ಯ ಬಂದರು. ಉಪದೇಶಕ್ಕೆ ಇಷ್ಟು ಚುರುಕಾಗಿ ಅವರು ಒಂದು ದಿನವೂ ಬಂದಿರಲಿಲ್ಲ.

ಅಂಗಳದಲ್ಲಿ ರಂಗೋಲಿ ಹಾಕಿತ್ತು. ನಾಣಯ್ಯ ಎರವಲು ಕೋವಿಯನ್ನು ತಂದು ಸಾಂತಪ್ಪನ ಕೈಗೆ ಕೊಟ್ಟು, ಪ್ರತಿ ವರ್ಷದಂತೆ ಜೋಪಾನ ಹೇಳುತ್ತಿದ್ದ. ದೇರಪ್ಪ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಹೆಗಲಲ್ಲಿ ಒಂದು ಗಂಟಿತ್ತು. ಉತ್ತರ ಹೇಗೇ ಬಂದರೂ ತಾನು ತಯಾರು ಎಂಬಂತೆ ಕಟ್ಟಿಟ್ಟುಕೊಂಡಿದ್ದ.

"ಒಳಗೆ ಹೋದರಾ?" ಎಂದ ಸಾಂತಪ್ಪ.

"ತಮ್ಮನ ಮನೆ ಗೇಟಿನ ಹತ್ತಿರ ಒಂದು ಗಂಟೆ ನಿಂತೆ," ಎಂದ ಎಲೀಷಪ್ಪ. "ಅವನ ಹೆಂಡತಿ ಬಂದು, ಹಾರ್ಮೋನಿಯಂ ರಿಪೇರಿಯವರಾ, ಇವತ್ತು ಏನೂ ಇಲ್ಲ, ಹೋಗಿ ಅಂದಳು. ಹೊರಟೆ. ಅಷ್ಟರಲ್ಲಿ ಬಾರ್ನಬ ಕೆಲಸದಿಂದ ಬಂದ. ನಾನು ಕ್ಷಮಿಸಿದೆ ಅಂತ ಹೇಳಲು ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಜೋಡಿಸಿಟ್ಟಿದ್ದೆ. ಹೇಳಲಿಕ್ಕೆ ಬಿಡಲಿಲ್ಲ. ಓಡಿ ಬಂದು ತಬ್ಬಿಕೊಂಡು, 'ಅಣ್ಣಾ, ನೀನು ಸತ್ತೇ ಹೋದೆ ಅಂದುಕೊಂಡಿದ್ದೆ, ಎಲ್ಲಿ ಕಳೆದುಹೋಗಿದ್ದೆ' ಅಂತ ಅತ್ತ."

ಇಷ್ಟು ವರ್ಷ ಎಲೀಷಪ್ಪ ಆ ಕಥೆಯಲ್ಲಿ ತಾನು ಅಣ್ಣನೆಂದು ತಿಳಿದುಕೊಂಡಿದ್ದ. ತಪ್ಪಿಹೋದವನು ತಾನೇ ಎಂದು ತಿಳಿಯಲು ಮಂಗಳೂರಿಗೆ ಹೋಗಬೇಕಾಯಿತು.

"ಹೋದೆ," ಎಂದ. "ಒಳಗೆ ಹೋದೆ."

"ಯಾವ ವಚನ?" ಎಂದರು ತಿಮ್ಮಪ್ಪಯ್ಯ. ಬಿಡುವ ಆಸಾಮಿಯಲ್ಲ.

ಚಲುವಮ್ಮ ಪೊಟ್ಟಣವನ್ನು ಕಸಿದು ಮೂಸಿದಳು. "ಒಣ ಬಂಗುಡೆ ಸ್ವಾಮಿ. ಕಡಲ ಕಡೇದು. ಹೋಗಿದ್ದು ದಿಟ."

"ಅಲ್ಲಿ ಎಂತ ಕಡ್ದೊ, ಹಂದಿಯಾ ಕರುವಾ?" ಎಂದ ನಾಣಯ್ಯ.

"ಮೀನು," ಎಂದ ಎಲೀಷಪ್ಪ. "ಈ ಸಲ ನಾನೇನೂ ಬದಲಾಯಿಸಿಲ್ಲ."

ಸಾಂತಪ್ಪ ನಗಲಿಲ್ಲ. ಜಗಲಿ ಹತ್ತಿದ. ತಮ್ಮನ ಹೆಗಲಿನ ಗಂಟನ್ನು ಇಳಿಸಿ, ಹೊಸ್ತಿಲಾಚೆ ಮನೆಯೊಳಕ್ಕೆ ಇಟ್ಟ. ಆಮೇಲೆ ಕೈಯಲ್ಲಿದ್ದ ಕೋವಿಯನ್ನು ತಮ್ಮನಿಗೆ ಚಾಚಿದ.

"ಇವತ್ತ್ ಗುಂಡು ನೀನೇ ಹೊಡಿ," ಎಂದ. "ಕೋವಿ ಮಾತ್ರ ನಾಣಯ್ಯಂಗೆ ವಾಪಸ್ ಕೊಡೊಕು."

ದೇರಪ್ಪ ಕೋವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದರ ಹಿಡಿಗೆ ಹಣೆ ಒತ್ತಿ ನಿಂತ. ನಾಣಯ್ಯ ತನ್ನ ಕೋವಿಯ ಬಗ್ಗೆ ಇದ್ದ ಆತಂಕವನ್ನು ಕಷ್ಟಪಟ್ಟು ನುಂಗಿಕೊಂಡು ಬೇರೆ ಕಡೆ ನೋಡಿದ.

ಎಲೀಷಪ್ಪನಿಗೆ ಎದೆ ತುಂಬಿ ಬಂತು. ಎದೆ ತುಂಬಿದರೆ ಅವನಿಗೆ ಬಾಯಿಯೂ ತುಂಬುವುದು ಹಳೆಯ ರೋಗ. ಅಂಗಳದ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, "ಪ್ರಿಯರೇ, ಇದರಿಂದ ನಾವು ಕಲಿಯಬೇಕಾದ ಮೂರು ಸಂಗತಿಗಳು..." ಎಂದು ಆರಂಭಿಸಿದ.

ಬೊಳ್ಳಮ್ಮ ಬಾಗಿಲಿಗೆ ಬಂದಳು. ಚಲುವಮ್ಮನ ಕೈಯಿಂದ ಮೀನಿನ ಪೊಟ್ಟಣ ತೆಗೆದುಕೊಂಡು, ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ ಇಟ್ಟು ಅವನನ್ನು ನೋಡಿದಳು.

"ಅದೆಲ್ಲ ಆಮೇಲೆ ಹೇಳಿಕಣಿ," ಎಂದಳು. "ಮೊದ್ಲು ಒಳಗೆ ಬನ್ನಿ."

ಎಲೀಷಪ್ಪ ಬಾಯಿ ಮುಚ್ಚಿ ಒಳಗೆ ಹೋದ.